ಕಾಸಿಮಾಲಿಯ ಪೆಟ್ಟಿಗೆಗೆ ಗಿಟಾರಿನ ದನಿ

ಸರೋವರದ ದಂಡೆಯ ಬಾಲಿಕ್ಚಿ ಊರಿನ ನಾಯಿಗಳಿಗೆಲ್ಲ ಎರ್ಮೆಕ್‌ನ ಪರಿಚಯವಿತ್ತು. ಮನುಷ್ಯರ ವಿಷಯ ಹಾಗೆ ಹೇಳುವಂತಿಲ್ಲ. ಮನೆಮನೆಗೆ ಹೋಗಿ ಕರೆಂಟು ಮೀಟರ್ ಓದುವವನ ಮುಖ ಯಾರೂ ನೋಡುವುದಿಲ್ಲ. ಅವನು ಕೊಡುವ ಚೀಟಿ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ, ಆಮೇಲೆ ಬೈಯುತ್ತಾರೆ. ಎರ್ಮೆಕ್‌ಗೆ ಅದರಿಂದ ಬೇಜಾರಿರಲಿಲ್ಲ. ಬೈಗುಳವೆಲ್ಲ ಇಲಾಖೆಗೆ ಸೇರಿದ್ದು, ನಾಯಿ ಹರಿದ ಪ್ಯಾಂಟು ಮಾತ್ರ ತನ್ನದು ಎಂದು ಅವನು ಯಾವತ್ತೋ ಪಾಲು ಮಾಡಿಕೊಂಡಿದ್ದ. ಕಣಿವೆಯಿಂದ ಉಲಾನ್ ಗಾಳಿ ಹೊಡೆಯುವ ದಿನ ನಾಯಿಗಳೂ ಗೂಡು ಬಿಟ್ಟು ಬರುತ್ತಿರಲಿಲ್ಲ. ಅಂಥ ದಿನ ಬೀದಿಯಲ್ಲಿ ಟೋಪಿ ಹಿಡಿದುಕೊಂಡು ಅವನೊಬ್ಬನೇ ನಡೆಯುತ್ತಿದ್ದ. ದೇಶ ಕಾಯುವವನ ಗತ್ತು, ಕೆಲಸ ಮಾತ್ರ ಅಂಕಿ ಬರೆದುಕೊಳ್ಳುವುದು.

ಆದರೆ ತನ್ನ ಮನಸ್ಸಿನೊಳಗೆ ಅವನು ಮೀಟರ್ ಓದುವವನಾಗಿರಲಿಲ್ಲ. ಗಿಟಾರಿಗೆ ವಾಲ್ವ್ ಆಂಪ್ಲಿಫೈಯರ್, ಅಂದರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ಬುರುಡೆಗಳಿಂದ ದನಿ ಏರಿಸುವ ಪೆಟ್ಟಿಗೆ, ಕಟ್ಟುವವನಾಗಿದ್ದ. ಇನ್ನೂ ಒಂದನ್ನೂ ಕಟ್ಟಿರಲಿಲ್ಲ ಅನ್ನುವುದು ಬೇರೆ ಮಾತು.

ಕಟ್ಟಿರಲಿಲ್ಲ, ಆದರೆ ಯೋಜನೆ ಹಾಕಿದ್ದ. ಎಂಥ ಯೋಜನೆ! ಮನೆಗೆ ಅಂಟಿಸಿ ಮಿಕ್ಕಿದ್ದ ಗೋಡೆ ಕಾಗದದ ಸುರುಳಿಯ ಹಿಂಬದಿಯಲ್ಲಿ ವಾಲ್ವ್ ಎಲ್ಲಿ ಕೂರಬೇಕು, ಕೆಪಾಸಿಟರ್ ಎಲ್ಲಿ ಮಲಗಬೇಕು, ಯಾವ ತಂತಿ ಯಾವ ತಂತಿಯ ಪಕ್ಕ ಸುಳಿಯಬಾರದು ಎಂದೆಲ್ಲ ಬರೆದಿದ್ದ. ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಸುರುಳಿ ಮೇಜು ದಾಟಿತು. ಇನ್ನೊಂದರಲ್ಲಿ ಮಂಚ ದಾಟಿತು. ಮೂರನೆಯದರಲ್ಲಿ ಬಾಗಿಲ ಹತ್ತಿರ ಬಂದು ನಿಂತಿತು. ಅಳೆದೂ ಸುರಿದೂ, ಸುರಿದೂ ಅಳೆದೂ, ಅವನ ಆಂಪ್ಲಿಫೈಯರ್ ಕಾಗದದ ಮೇಲೆ ಊರಿಗೇ ದೊಡ್ಡದಾಗಿತ್ತು. ತಗಡಿಗೆ ಮಾತ್ರ ಇನ್ನೂ ಒಂದು ತೂತೂ ಬಿದ್ದಿರಲಿಲ್ಲ.

"ಬಾಯ್ಕೆ, ಇನ್ನೊಂದೆರಡು ಗಜ ಬರೆದುಬಿಡು, ಹಾಗೇ ಸರೋವರ ಸುತ್ತಿ ಬರಬಹುದು," ಅನ್ನುತ್ತಿದ್ದಳು ಬುರುಲ್ಚಾ.

ಬುರುಲ್ಚಾ ಅವನ ಚಿಕ್ಕಪ್ಪನ ಮಗಳು, ಅವನಿಗಿಂತ ಒಂದೇ ವರ್ಷ ಚಿಕ್ಕವಳು. ಅಣ್ಣ ಎಂಬ ಅರ್ಥದ ಆ 'ಬಾಯ್ಕೆ' ಅವಳ ಬಾಯಲ್ಲಿ ಬಂದಾಗೆಲ್ಲ ಹಿಂದೆ ಒಂದು ಚುಚ್ಚು ಇರುತ್ತಿತ್ತು. ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವುದು ಅವಳ ಕೆಲಸ. ಮಕ್ಕಳು ಮನೆಗೆ ಹೋದ ಮೇಲೆ ಗಿಟಾರು. ಗಿಟಾರೂ ಸಾಮಾನ್ಯದ್ದಲ್ಲ, ಹಡಗು ದುರಸ್ತಿ ಕಾರ್ಖಾನೆಯ ವಾದ್ಯಮೇಳದಲ್ಲಿ ಅವಳಪ್ಪ ನುಡಿಸುತ್ತಿದ್ದ ಹಳೇ ಕಾಲದ ಎಲೆಕ್ಟ್ರಿಕ್ ಗಿಟಾರು. ತೂಕ ನೋಡಿದರೆ ಟ್ರ್ಯಾಕ್ಟರ್ ಕಾರ್ಖಾನೆಯಲ್ಲೇ ಹುಟ್ಟಿರಬೇಕು. ಅದಕ್ಕೆ ಅವಳು ಜೋಡಿಸಿಕೊಂಡಿದ್ದದ್ದು ಬಜಾರಿನಿಂದ ತಂದ ಅಂಗೈ ಅಗಲದ ಡಬ್ಬಿ. ಅದರೊಳಗಿಂದ ಬರುವ ಸದ್ದು ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನುಹುಳದ್ದು.

ವಾಲ್ವೇ ಯಾಕೆ ಎಂದು ಯಾರಾದರೂ ಕೇಳಿದರೆ ಎರ್ಮೆಕ್ ಗೋಡೆ ಕಾಗದ ಬಿಚ್ಚುತ್ತಿದ್ದ. ನಿಜವಾದ ಉತ್ತರ ಕಾಗದದ ಮೇಲಿರಲಿಲ್ಲ. ಅವನಪ್ಪ ಕಾಸಿಮಾಲಿ ಸಂಚಾರಿ ಸಿನಿಮಾದವನು. ಬೇಸಿಗೆ ಬಂತೆಂದರೆ ಲಾರಿಯಲ್ಲಿ ಪ್ರೊಜೆಕ್ಟರ್, ಪರದೆ, ವಾಲ್ವ್ ಆಂಪ್ಲಿಫೈಯರ್ ಹೇರಿಕೊಂಡು ಮೇಲಿನ ಹುಲ್ಲುಗಾವಲುಗಳಿಗೆ, ಜಾಯ್ಲೋಗಳಿಗೆ ಹೋಗುತ್ತಿದ್ದ. ಎರಡು ಡೇರೆಗಳ ನಡುವೆ ಪರದೆ ಕಟ್ಟಿ ಸ್ವಿಚ್ಚು ಹಾಕಿದರೆ ಮೊದಲು ವಾಲ್ವ್‌ಗಳು ಕೆಂಡದ ಹಾಗೆ ಕಣ್ಣು ಬಿಡುತ್ತಿದ್ದವು. ಆಮೇಲೆ ದನಿ. ತುಪ್ಪ ಸವರಿದ ರೊಟ್ಟಿಯಂಥ ದನಿ. ಕುರಿಗಳೂ ಮೇಯುವುದು ಬಿಟ್ಟು ತಿರುಗಿ ನೋಡುತ್ತಿದ್ದವು. ಚಿಕ್ಕ ಎರ್ಮೆಕ್ ಸಿನಿಮಾ ನೋಡುತ್ತಲೇ ಇರಲಿಲ್ಲ. ಆ ಪೆಟ್ಟಿಗೆಯ ಹಿಂದೆ ಕೂತು ಅದರ ಬಿಸಿ ಕಾಯಿಸಿಕೊಳ್ಳುತ್ತಿದ್ದ.

ಕಾಸಿಮಾಲಿ ತೀರಿಕೊಂಡು ಬಹಳ ವರ್ಷವಾಗಿತ್ತು. ಲಾರಿ ಹೋಯಿತು, ಪ್ರೊಜೆಕ್ಟರ್ ಹೋಯಿತು. ಉಳಿದದ್ದು ಆ ಆಂಪ್ಲಿಫೈಯರ್ ಪೆಟ್ಟಿಗೆ. ಮನೆಯ ಮುಂದಿನ ಗಾಜಿನ ಪಡಸಾಲೆಯಲ್ಲಿ, ಕಸೂತಿ ಬಟ್ಟೆ ಹೊದ್ದುಕೊಂಡು, ತಲೆಯ ಮೇಲೆ ಏಪ್ರಿಕಾಟ್ ಜಾಮಿನ ಜಾಡಿ ಹೊತ್ತುಕೊಂಡು ಕೂತಿತ್ತು. ಅದರ ವೈರುಗಳನ್ನೆಲ್ಲ ಇಲಿ ತಿಂದಿತ್ತು. ಆದರೆ ಹೊಟ್ಟೆಯೊಳಗೆ ಎರಡು ಟ್ರಾನ್ಸ್‌ಫಾರ್ಮರ್‌ಗಳು ಹಾಗೇ ಇದ್ದವು. ಅಂಥವು ಈಗ ಯಾವ ಬಜಾರಿನಲ್ಲೂ ಸಿಗುವುದಿಲ್ಲ. ಎರ್ಮೆಕ್‌ನ ಇಡೀ ಸುರುಳಿ ನಿಂತಿದ್ದದ್ದು ಆ ಎರಡರ ಮೇಲೆ.

ಆ ವರ್ಷ ಶರತ್ಕಾಲದಲ್ಲಿ ಕೊನೆಗೂ ಧೈರ್ಯ ಮಾಡಿ ತಾಯಿಯನ್ನು ಕೇಳಿದ. ಶಾಯಿರ್ಗುಲ್ ಜಾಡಿಗಳನ್ನು ಒಂದೊಂದೇ ಇಳಿಸಿ, ಕಸೂತಿ ಬಟ್ಟೆ ಮಡಚಿ, ಪೆಟ್ಟಿಗೆಯ ತಲೆ ಸವರಿದಳು.

"ಇದನ್ನ ಕೊಯ್ತೀಯ?"

"ಕೊಯ್ಯಲ್ಲ ಆಪಾ. ಒಳಗಿಂದು ತೆಗೆದು ಹೊಸದಾಗಿ ಕಟ್ತೀನಿ. ಬುರುಲ್ಚಾ ಗಿಟಾರಿಗೆ."

"ಮತ್ತೆ ಇದು ಮಾತಾಡುತ್ತಾ?"

"ಮಾತಾಡೋದೇನು, ಹಾಡುತ್ತೆ."

"ಸುಟ್ಟು ಹಾಕಿದ್ರೆ?"

ಎರ್ಮೆಕ್ ಇಳಿಸಿಟ್ಟ ಜಾಡಿಯೊಂದನ್ನು ಎತ್ತಿ ಅದರ ಮುಚ್ಚಳ ಬಿಗಿ ಮಾಡಿದ.

"ಸುಟ್ಟು ಹಾಕಿದ್ರೆ ನಾನೇನೂ ಅನ್ನಲ್ಲ ಬಾಲಮ್," ಅಂದಳು ತಾಯಿ, ಜಾಡಿಗಳಿಗೆ ಬೇರೆ ಜಾಗ ಹುಡುಕುತ್ತಾ. "ನೀನೇ ಎತ್ತಿಕೊಂಡು ಗುಡ್ಡ ಹತ್ತಿ, ನಿಮ್ಮಪ್ಪನ ಗೋರಿ ಹತ್ತಿರ ಇಟ್ಟು, 'ಅಪ್ಪಾ, ನೀವು ಜೀವಮಾನವೆಲ್ಲ ಲಾರೀಲಿ ಕುಲುಕಿದ್ರೂ ಏನೂ ಆಗದೆ ಇದ್ದದ್ದನ್ನ ನಾನು ಮನೇಲಿ ಕೂತು ಸುಟ್ಟೆ' ಅಂತ ಹೇಳಿ ಬರಬೇಕು. ಅಷ್ಟೇ."

ಇದಕ್ಕಿಂತ ಎರಡು ಏಟು ಹಾಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಎರ್ಮೆಕ್‌ಗೆ.

ಪೆಟ್ಟಿಗೆಯ ಜೊತೆಗೆ ಇನ್ನೊಂದು ಸಾಮಾನಿತ್ತು. ಕರಿಯ ಕಬ್ಬಿಣದ ಗಟ್ಟಿ, ಮುಂದೆ ಒಂದು ತಿರುಗುಗುಂಡಿ, ಮೇಲೆ ಮುಳ್ಳಿನ ಗಡಿಯಾರದಂಥ ಗಾಜಿನ ಕಣ್ಣು. ಬರುವ ಕರೆಂಟನ್ನು ಏರಿಸಿ ಇಳಿಸುವ ಪೆಟ್ಟಿಗೆ. ಎರ್ಮೆಕ್ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಇಷ್ಟು ತೂಕ ಯಾರು ಹೊರುತ್ತಾರೆ? ತನ್ನ ಯೋಜನೆಯಲ್ಲಿ ಇದರ ಅಗತ್ಯವೇ ಇಲ್ಲ ಅಂದುಕೊಂಡ. ಅವನು ತನ್ನ ಮನೆಯ ಗೋಡೆಯಲ್ಲಿ ಕರೆಂಟು ಅಳೆದಿದ್ದ: ಚಳಿಗಾಲದಲ್ಲಿ ನೂರೆಂಬತ್ತು ವೋಲ್ಟು, ಅದೂ ಒಳ್ಳೆಯ ದಿನ. ಊರೆಲ್ಲ ಕರೆಂಟು ಒಲೆ ಹಚ್ಚಿಕೊಂಡು ಕೂತರೆ ಇನ್ನೆಷ್ಟು ಬಂದೀತು? ಟ್ರಾನ್ಸ್‌ಫಾರ್ಮರಿನಲ್ಲಿ ಹೀಗೆ ಕಡಿಮೆ ವೋಲ್ಟಿನಲ್ಲಿ ಬರುವ ಸೋತ ಕರೆಂಟಿಗೆಂದೇ ಬೇರೆ ತುದಿಯಿತ್ತು. ಅದಕ್ಕೆ ನೇರ ಬೆಸುಗೆ ಹಾಕಿಬಿಟ್ಟರೆ ಒಳಗೆ ಬೇಕಾದಷ್ಟು ಬಲ ಬರುತ್ತದೆ. ಇಂಥ ಜಾಣ ಉಪಾಯ ಅಪ್ಪನಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವನು ಒಳಗೊಳಗೇ ಮರುಗಿದ್ದೂ ಉಂಟು.

ಕಬ್ಬಿಣದ ಗಟ್ಟಿಯನ್ನು ಪಕ್ಕದ ಮನೆಯ ಝೀನಾ ಅಜ್ಜಿ ಕೇಳಿದಳು. ಅವಳದ್ದು ಪೀಪಾಯಿಯಲ್ಲಿ ಎಲೆಕೋಸು ಹುಳಿ ಹಾಕುವ ಕಾಲ. ಮೇಲೆ ಹೇರಲು ಭಾರ ಬೇಕಿತ್ತು.

"ತಗೊಳ್ಳಿ ಅಜ್ಜಿ, ನಿಮಗೇ ಇರಲಿ," ಅಂದ ಎರ್ಮೆಕ್, ದೊರೆಯ ಹಾಗೆ.

ಚಳಿಗಾಲ ಹೀಗೆ ಯೋಜನೆಯಲ್ಲೇ ಕಳೆಯಿತು. ಫೆಬ್ರವರಿಯಲ್ಲಿ ಕೆಟ್ಟದ್ದೊಂದು ನಡೆಯಿತು: ಶಾಯಿರ್ಗುಲ್‌ಗೆ ಹೆಮ್ಮೆ ತಡೆಯಲಾಗಲಿಲ್ಲ. ಬೀದಿಯ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಉಣ್ಣುವ ಶೆರಿನೆ ಕೂಟದಲ್ಲಿ, "ನಮ್ಮ ಎರ್ಮೆಕ್ ಅವರಪ್ಪನ ಪೆಟ್ಟಿಗೇಲಿ ಹೊಸದು ಮಾಡ್ತಿದ್ದಾನೆ, ವಸಂತದ ನೂರುಜ್ ಹಬ್ಬಕ್ಕೆ ನಮ್ಮ ಬುರುಲ್ಚಾ ಅದರಲ್ಲೇ ನುಡಿಸೋದು," ಅಂದುಬಿಟ್ಟಳು. ಮುಂದಿನ ಶೆರಿನೆ ಅವಳ ಮನೆಯಲ್ಲೇ. ಹೆಂಗಸರೆಲ್ಲ ಕೊರುಮ್ದುಕ್ ಹಿಡಿದುಕೊಂಡೇ ಬಂದರು.

ಹೊಸ ಸೊಸೆಯಾಗಲಿ, ಕೂಸಾಗಲಿ, ಕುದುರೆಮರಿಯಾಗಲಿ, ಮೊದಲ ಸಲ ನೋಡುವವರು ಬರಿಗೈಲಿ ನೋಡಬಾರದು. ನೋಡಿದ್ದಕ್ಕೆ ಕೊಡುವುದೇ ಕೊರುಮ್ದುಕ್. ಕೊಟ್ಟ ಮೇಲೆ ತೋರಿಸಲೇಬೇಕು. ತೋರಿಸಲು ಎರ್ಮೆಕ್ ಹತ್ತಿರ ಇದ್ದದ್ದು ಗೋಡೆ ಕಾಗದ.

"ಇದೇನಾ?" ಅಂದಳು ಮೊದಲನೆಯವಳು.

"ಇದು ಯೋಜನೆ, ಎಜೆ."

"ತಿರುಗಿಸು, ನೋಡೋಣ." ತಿರುಗಿಸಿದಳು. "ಈ ಕಡೆ ಹೂವು ಚೆನ್ನಾಗಿದೆ ಕಣೇ. ಎಲ್ಲಿ ತಗೊಂಡ್ರಿ?"

"ಅದು ಗೋಡೆ ಮೇಲೆ ಕಾಣೋ ಕಡೆ, ಎಜೆ. ಆಂಪ್ಲಿಫೈಯರ್ ಈ ಕಡೆ ಇದೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಕೊಂಡು ಕೂತಿದ್ದಾನೆ," ಅಂದಳು ಬಾಗಿಲಿಗೊರಗಿ ನಿಂತಿದ್ದ ಬುರುಲ್ಚಾ. "ಕುಲಾವಿ ಇಪ್ಪತ್ತು ಗಜ. ಕೂಸು ಮಾತ್ರ ಇನ್ನೂ ದಾರೀಲಿದೆ."

ನಗುತ್ತಲೇ ಎಲ್ಲರೂ ಕಾಗದದ ಮೇಲೆ ಕೊರುಮ್ದುಕ್ ಇಟ್ಟರು. ಒಬ್ಬಳು ಮಿಠಾಯಿ ಇಟ್ಟಳು. ಒಬ್ಬಳು ಗಂಡನ ಸತ್ತ ರೇಡಿಯೋದ ವಾಲ್ವ್‌ಗಳನ್ನು ಮಗುವಿನ ಕಾಲುಚೀಲದಲ್ಲಿ ಸುತ್ತಿ ತಂದಿದ್ದಳು. ಇನ್ನೊಬ್ಬಳು ಹಳೇ ಒಲೆಯ ತಿರುಗುಗುಂಡಿ ಇಟ್ಟು, "ಕಿತ್ತು ತಂದಿದ್ದೀನಿ, ಈಗ ಒಲೆ ಇಕ್ಕುಳದಲ್ಲಿ ತಿರುಗಿಸ್ತಿದ್ದೀನಿ, ನೆನಪಿರಲಿ," ಅಂದಳು. ಸಂಸ್ಕೃತಿ ಭವನದ ಮೇಲ್ವಿಚಾರಕಿ ಸೋನುನ್‌ಬುಬು, ಕೂಟದಲ್ಲೆಲ್ಲ ದೊಡ್ಡ ದನಿಯವಳು, ಬಿಳೀ ಬಟ್ಟೆಯೊಂದನ್ನು ಹಾಸಿ, "ನೂರುಜ್ ದಿನ ನನ್ನ ವೇದಿಕೆ ಮೇಲೆ ಬೇರೆ ಯಾವ ಪೆಟ್ಟಿಗೇನೂ ಇಡೋಕೆ ಬಿಡಲ್ಲ. ನಮ್ಮ ಕಾಸಿಮಾಲಿ ಬಾಯ್ಕೆದೇ ಮಾತಾಡಲಿ," ಅಂದಳು.

ಶಾಯಿರ್ಗುಲ್‌ಳ ಮುಖ ಅರಳಿತು. ಮಗನ ಮುಖ ಬಾಡಿತು. ಇನ್ನೂ ಒಂದು ವರ್ಷ ನೆಮ್ಮದಿಯಾಗಿ ಯೋಜನೆ ಹಾಕುವ ದಾರಿ ಅವತ್ತಿಗೆ ಮುಚ್ಚಿಹೋಯಿತು.

ಚಹಾ ಬಗ್ಗಿಸುವ ಕೆಲಸ ಅವನದ್ದೇ. ಬಟ್ಟಲಿಗೆ ಅರ್ಧ ಮಾತ್ರ ಬಗ್ಗಿಸಬೇಕು. ಮತ್ತೆ ಮತ್ತೆ ಕೇಳಲಿ, ಹೆಚ್ಚು ಹೊತ್ತು ಕೂರಲಿ ಅನ್ನುವ ಮರ್ಯಾದೆ. ತುಂಬಿಸಿ ಕೊಟ್ಟರೆ 'ಕುಡಿದು ಹೊರಡಿ' ಅಂದ ಹಾಗೆ. ಅವನು ಬಗ್ಗಿಸುತ್ತಿದ್ದ, ಹೆಂಗಸರು ಹರಟುತ್ತಿದ್ದರು.

"ಏನ್ರೀ ಶಾಯಿರ್ಗುಲ್, ನಿಮ್ಮನೇಲಿ ಇಷ್ಟು ಮಬ್ಬು! ಕರಿದ ಬೂರ್ಸೋಕ್ ಅಂತ ಮೂಳೆ ಕಚ್ಚಿದೆ."

"ನಮ್ಮ ಬೀದಿ ಕೊನೇಲಿ ಇಷ್ಟೇ. ಬಲ್ಬು ಕಾಯಿಲೆ ಹಸುವಿನ ಕಣ್ಣು ಇದ್ದ ಹಾಗಿದೆ," ಅಂದಳು ಶಾಯಿರ್ಗುಲ್.

"ನನ್ನ ಭವನಕ್ಕೆ ಬನ್ನಿ," ಅಂದಳು ಸೋನುನ್‌ಬುಬು. "ಸಬ್‌ಸ್ಟೇಷನ್ ಬೆನ್ನ ಹಿಂದೇನೇ ಇದೆ. ಬೆಳಕು ಅಂದ್ರೆ, ನೆಲದ ಮೇಲೆ ಸೂಜಿ ಬಿದ್ರೆ ಕಾಣುತ್ತೆ. ಆದರೇನು, ವಾರ ವಾರ ಒಂದು ಬಲ್ಬು ಢಮಾರ್! ಹೋದ ತಿಂಗಳು ನೀರು ಕಾಯಿಸೋ ಕೆಟಲ್ಲೂ ಹೊಗೆ ಹಾಕ್ತು. ನಿಮ್ಮ ಹುಡುಗನಿಗೆ ಪ್ರತಿ ತಿಂಗಳೂ ಹೇಳ್ತೀನಿ. 'ಮೇಲಕ್ಕೆ ತಿಳಿಸ್ತೀನಿ ಎಜೆ' ಅಂತಾನೆ, ಹೋಗ್ತಾನೆ. ಅಯ್ಯೋ, ಏ! ಏನೋ ಇದು!"

ಅವಳ ಬಟ್ಟಲು ತುಂಬಿ, ತಟ್ಟೆ ತುಂಬಿ, ಚಹಾ ಮೇಜಿನ ಮೇಲೆ ಹರಿಯುತ್ತಿತ್ತು.

"ಎದ್ದು ಹೋಗು ಅಂತ ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ," ಅಂದಳು ಸೋನುನ್‌ಬುಬು.

ಎರ್ಮೆಕ್ ಚಹಾದ ಹೂಜಿ ಹಿಡಿದು ಹಾಗೇ ನಿಂತಿದ್ದ. ಸಬ್‌ಸ್ಟೇಷನ್ ಹತ್ತಿರ ಕರೆಂಟು ಉಕ್ಕುತ್ತದೆ, ಬೀದಿಯ ಕೊನೆಯಲ್ಲಿ ಬತ್ತುತ್ತದೆ. ಬಾಲಿಕ್ಚಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಇದನ್ನೇ ಪ್ರತಿ ತಿಂಗಳು ಮನೆಮನೆಯ ಬಾಯಿಂದ ಬೈಗುಳದ ರೂಪದಲ್ಲಿ ಕೇಳಿ, ಸಂಬಳ ಎಣಿಸಿಕೊಳ್ಳುವವನು ಇಡೀ ಊರಿಗೆ ಒಬ್ಬನೇ, ಅದು ತಾನೇ. ಆ ಒಬ್ಬನೇ ತನ್ನ ಮನೆಯ ಗೋಡೆಯಲ್ಲಿ ಅಳೆದು, ಊರಿಗೆಲ್ಲ ಅದೇ ಅಳತೆ ಅಂದುಕೊಂಡು ಮೂರು ಚಳಿಗಾಲ ಬರೆದಿದ್ದ. ಸೋತ ಕರೆಂಟಿನ ತುದಿಗೆ ಬೆಸೆದ ಟ್ರಾನ್ಸ್‌ಫಾರ್ಮರನ್ನು ಭವನದ ಉಕ್ಕುವ ಕರೆಂಟಿಗೆ ಚುಚ್ಚಿದರೆ? ವಾಲ್ವ್ ಕೆಂಪಾಗುತ್ತದೆ, ಕೆಪಾಸಿಟರ್ ಸಿಡಿಯುತ್ತದೆ, ಆಮೇಲೆ ಅಪ್ಪನ ತಾಮ್ರ ಸುಟ್ಟ ವಾಸನೆ. ಅದೂ ಇಡೀ ಊರಿನ ಮುಂದೆ, ಅಮ್ಮ ಮೊದಲ ಸಾಲಿನಲ್ಲಿ.

ಮರುದಿನ ಭವನದ ಮೀಟರ್ ಓದುವ ನೆಪದಲ್ಲಿ ಹೋಗಿ ಅಳೆದ. ಇನ್ನೂರ ಮೂವತ್ತೆಂಟು, ತನ್ನ ಮನೆಗಿಂತ ಐವತ್ತೆಂಟು ವೋಲ್ಟು ಹೆಚ್ಚು. ಮುಳ್ಳು ಅಲ್ಲೇ ನಿಂತು ಅವನ ಮುಖ ನೋಡಿತು.

ಮನೆಗೆ ಬಂದು ಟೋಪಿ ತೆಗೆಯದೆ ಕೂತ. "ಆಪಾ, ಈ ನೂರುಜ್‌ಗೆ ಬೇಡ. ಯೋಜನೇಲಿ ತಪ್ಪಿದೆ. ಮುಂದಿನ ವರ್ಷ."

"ಮುಂದಿನ ವರ್ಷ," ಅಂದಳು ಶಾಯಿರ್ಗುಲ್, ಹಿಟ್ಟು ನಾದುತ್ತಾ. "ಕಾಲುಚೀಲದ ಜೊತೆ ವಾಲ್ವ್ ವಾಪಸ್ ಕೊಡ್ತೀಯೋ, ಕಾಲುಚೀಲ ಇಟ್ಕೊಂಡು ಕೊಡ್ತೀಯೋ? ಮಿಠಾಯಿ ಅಂತೂ ತಿಂದಾಯ್ತು. ಕೊರುಮ್ದುಕ್ ತಗೊಂಡ ಮೇಲೆ ಕೂಸು ತೋರಿಸಬೇಕು ಕಣೋ. ಏನಾಯ್ತು ಹೇಳು."

ಹೇಳಿದ. ಮುಚ್ಚಿಡದೆ ಎಲ್ಲಾ ಹೇಳಿದ. ಮನೆಯಲ್ಲೊಂದು, ಭವನದಲ್ಲೊಂದು ಕರೆಂಟು. ಎಲ್ಲಿಗೆ ಹೊಂದಿಸಿದರೂ ಇನ್ನೊಂದು ಕಡೆ ಕೆಡುತ್ತದೆ.

ಶಾಯಿರ್ಗುಲ್ ಹಿಟ್ಟಿನ ಕೈಯನ್ನು ಮೇಲೆತ್ತಿ ಹಿಡಿದಳು. "ನಿಮ್ಮಪ್ಪ ಒಂದು ದಿನ ಜನರೇಟರ್ ಹತ್ರ, ಒಂದು ದಿನ ಗಿರಣಿ ಹತ್ರ, ಒಂದು ದಿನ ಶಾಲೇಲಿ ಸಿನಿಮಾ ಹಾಕ್ತಿದ್ರು. ಪೆಟ್ಟಿಗೆ ಮೇಲೆ ಒಂದು ಕೈ ಇಟ್ಟೇ ಇರ್ತಿದ್ರು. ನನ್ನ ಮದುವೇಲಿ ಅಕ್ಕ ಕೊಟ್ಟ ಉಗುರು ಬಣ್ಣ ಕದ್ದು ಅದರ ಗಾಜಿನ ಮೇಲೆ ಗೆರೆ ಎಳೆದಿದ್ರು. ಮುಳ್ಳು ಗೆರೆ ಮೇಲೆ ನಿಲ್ಲೋ ತನಕ ಗುಂಡಿ ತಿರುಗಿಸೋದು. ಮದುವೆಯಾದ ಮೇಲೆ ನಮ್ಮ ಮೊದಲ ಜಗಳ ಅದೇ. ಅದೆಲ್ಲಿದೆ, ಆ ಕಬ್ಬಿಣದ್ದು?"

ಎರ್ಮೆಕ್ ಕಿಟಕಿಯಾಚೆ ನೋಡಿದ.

"ಝೀನಾ ಅಜ್ಜಿ ಎಲೆಕೋಸಿನ ಮೇಲೆ."

ಶಾಯಿರ್ಗುಲ್ ಮತ್ತೆ ಹಿಟ್ಟಿಗೆ ತಿರುಗಿದಳು. ಆಮೇಲೆ ಅದಕ್ಕೆ ಬಿದ್ದ ಗುದ್ದು ಪಕ್ಕದ ಮನೆಗೆ ಕೇಳಿಸಿರಬೇಕು.

ಕೊಟ್ಟದ್ದನ್ನು ವಾಪಸ್ ಕೇಳುವುದೆಂದರೆ ಬಾಲಿಕ್ಚಿಯಲ್ಲಿ ಮುಖಕ್ಕೆ ಮಸಿ. ಎರ್ಮೆಕ್ ಒಣಮೀನು ಹಿಡಿದುಕೊಂಡು ಹೋದ. ಝೀನಾ ಅಜ್ಜಿ ಮೀನು ತೆಗೆದುಕೊಂಡಳು, ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು.

"ಈ ವರ್ಷದ ಕೋಸು ತಿಂದು ನೋಡಿದ್ಯಾ? ಹಲ್ಲಿಗೆ ಕರುಂ ಅನ್ನುತ್ತೆ. ಯಾಕೆ? ಭಾರ ಒಂದೇ ಸಮ ಕೂತಿದೆ. ಅದನ್ನ ಎತ್ತು ಅಂತೀಯ?"

"ಅಪ್ಪಂದು ಅಜ್ಜಿ. ನನಗೆ ಬುದ್ಧಿ ಇರಲಿಲ್ಲ."

"ಅದು ಗೊತ್ತು. ಬುದ್ಧಿ ಇರೋರು ಇಂಥ ಒಳ್ಳೇ ಕಬ್ಬಿಣ ಕೊಟ್ಟುಬಿಡ್ತಾರಾ?" ಅವಳು ಗಲ್ಲ ಕೆರೆದುಕೊಂಡಳು. "ಸರೋವರದ ದಂಡೆಯಿಂದ ಕಲ್ಲು ತಾ. ಇಷ್ಟೇ ತೂಕ. ದುಂಡಗಿರಲಿ, ನುಣ್ಣಗಿರಲಿ, ಬಿರುಕು ಇರಬಾರದು. ಮತ್ತೆ ಹಬ್ಬದ ದಿನ ಆ ಹುಡುಗಿ ನನಗೋಸ್ಕರ ಜೋಡಿ ಕುಣಿಯೋ ವಾಲ್ಟ್ಸ್ ಒಂದು ನುಡಿಸಬೇಕು. ನನ್ನ ಗಂಡನೂ ನಾನೂ ಮೀನು ಡಬ್ಬಿ ಕಾರ್ಖಾನೆ ಕ್ಲಬ್ಬಲ್ಲಿ ಕುಣೀತಿದ್ವಿ."

ಉಲಾನ್ ಗಾಳಿ ಅವತ್ತೇ ಹೊಡೆಯಬೇಕೇ! ದಂಡೆಯಿಂದ ಕಲ್ಲನ್ನು ಹೊಟ್ಟೆಗವುಚಿಕೊಂಡು ಬರುತ್ತಿದ್ದರೆ ಗೇಟುಗಳ ಹಿಂದಿನಿಂದ ಒಂದೊಂದೇ ಮಾತು ಬಂತು.

"ಏನೋ ಎರ್ಮೆಕ್, ಈಗ ಇಲಾಖೆ ಕಲ್ಲು ಓದೋಕೂ ಕಳಿಸುತ್ತಾ?"

"ಗಾಳಿಗೆ ಹಾರಿಹೋಗ್ತೀನಿ ಅಂತ ಭಾರ ಕಟ್ಕೊಂಡಿದ್ದಾನೆ ಬಿಡ್ರೋ."

ಕಲ್ಲು ಪೀಪಾಯಿಗೆ ಹತ್ತಿತು, ಕಬ್ಬಿಣ ಇಳಿಯಿತು. ಝೀನಾ ಅಜ್ಜಿ ಅಚ್ಚುಕಟ್ಟಿನ ಹೆಂಗಸು. ಮೇಣಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ ಇಟ್ಟಿದ್ದಳು, ಒಳಗೆ ಹುಳಿನೀರು ಹೋಗಿರಲಿಲ್ಲ. ಸಬ್ಬಸಿಗೆ ಸೊಪ್ಪಿನ ವಾಸನೆ ಮಾತ್ರ ಹೋಗಿತ್ತು. ಗಾಜಿನ ಕಣ್ಣು ಒರೆಸಿದಾಗ ಧೂಳಿನಡಿಯಿಂದ ಕೆಂಪು ಗೆರೆ ಕಂಡಿತು. ಸಣ್ಣ ಗೆರೆ, ಸ್ವಲ್ಪ ಸೊಟ್ಟ. ಅವಸರದಲ್ಲಿ ಕದ್ದು ಎಳೆದದ್ದು ಗೊತ್ತಾಗುವಂತಿತ್ತು.

ಎರ್ಮೆಕ್ ಗೋಡೆ ಕಾಗದ ಹಾಸಿ ಹಳೇ ತುದಿಗಳನ್ನು ಹೊಡೆದು ಹಾಕಿದ. ಹೊಸ ಯೋಜನೆ ಒಂದು ಅಂಗೈಯಷ್ಟು ಜಾಗದಲ್ಲಿ ಮುಗಿಯಿತು. ಬರುವ ಕರೆಂಟು ಎಷ್ಟಾದರೂ ಇರಲಿ, ಮೊದಲು ಅಪ್ಪನ ಕಬ್ಬಿಣ. ಮುಳ್ಳು ಗೆರೆಗೆ ಬಂದ ಮೇಲೆ ಮಾತ್ರ ಟ್ರಾನ್ಸ್‌ಫಾರ್ಮರ್, ಅದೂ ಅದರ ಸರಿಯಾದ ತುದಿಗೆ. ತಾಯಿಗೆ ತೋರಿಸಿದ.

"ಇಷ್ಟೇನಾ?"

"ಇಷ್ಟೇ."

"ಮತ್ತೆ ಆ ಇಪ್ಪತ್ತು ಗಜ?"

"ಅದು ಅಂಟಿಸೋಕೆ ಆಗುತ್ತೆ, ಆಪಾ. ಹೂವಿನ ಕಡೆ ಹೊರಗೆ ಮಾಡಿ."

ಶಾಯಿರ್ಗುಲ್ ಡ್ರಿಲ್ ಎತ್ತಿ ಅವನ ಕೈಗಿಟ್ಟಳು. ಮೊದಲ ತೂತು ಬಿದ್ದದ್ದು ಅವಳ ಕಣ್ಣ ಮುಂದೆ. ಸೊಟ್ಟಗೆ ಬಿತ್ತು.

ಮುಂದಿನದೆಲ್ಲ ಕೈಕೆಲಸ. ತಗಡು ಕೊರೆದ, ವಾಲ್ವ್‌ನ ಬುಡಗಳನ್ನು ಕೂರಿಸಿದ, ಒಂದೊಂದೇ ಬೆಸುಗೆ ಹಾಕಿದ. ವಾಲ್ವ್ ಪೆಟ್ಟಿಗೆಯೊಳಗಿನ ಕರೆಂಟು ಎತ್ತನ್ನೂ ಕೆಡವುವಂಥದ್ದು, ಸ್ವಿಚ್ಚು ಆರಿಸಿದ ಮೇಲೂ ಒಳಗೆ ಕಾದು ಕೂತಿರುತ್ತದೆ. ಎರಡೂ ಕೈ ತಾಗಿ ಎದೆಯ ಮೂಲಕ ಹರಿಯದಿರಲೆಂದು ಅಳೆಯುವಾಗ ಒಂದು ಕೈಯನ್ನು ಯಾವಾಗಲೂ ಜೇಬಿನಲ್ಲಿಟ್ಟಿರುತ್ತಿದ್ದ. "ಕೆಲಸ ಮಾಡ್ತಿದ್ದೀಯೋ, ವಾಯುವಿಹಾರಕ್ಕೆ ಹೊರಟಿದ್ದೀಯೋ?" ಅನ್ನುತ್ತಿದ್ದಳು ಬುರುಲ್ಚಾ. ಒಲೆಯ ಗುಂಡಿ ಸದ್ದು ಏರಿಸುವ ಜಾಗಕ್ಕೆ ಬಂತು. ಅದರ ಮೇಲೆ ಜ್ವಾಲೆಯ ಚಿತ್ರ ಹಾಗೇ ಉಳಿದಿತ್ತು. ಕಾಲುಚೀಲದ ವಾಲ್ವ್‌ಗಳಲ್ಲಿ ಒಂದು ಜೀವಂತವಾಗಿತ್ತು.

ನೂರುಜ್ ದಿನ ಚೌಕದಲ್ಲೇ ಹಬ್ಬ ಆಗಬೇಕಿತ್ತು. ಗಾಳಿ ವೇದಿಕೆಯ ಬಟ್ಟೆಯನ್ನು ಸರೋವರಕ್ಕೆ ಒಯ್ದದ್ದರಿಂದ ಎಲ್ಲರೂ ಸೋನುನ್‌ಬುಬುವಿನ ಭವನಕ್ಕೆ ನುಗ್ಗಿದರು. ಒಳಗೆಲ್ಲ ಸುಮೋಲೋಕ್ ಪಾಯಸದ ಸಿಹಿ ಹಬೆ. ಮೊದಲ ಸಾಲಿನಲ್ಲಿ ಶಾಯಿರ್ಗುಲ್ ಹೊಸ ರುಮಾಲು ಕಟ್ಟಿಕೊಂಡು, ಪಕ್ಕದಲ್ಲಿ ಝೀನಾ ಅಜ್ಜಿ, ಅವರ ಹಿಂದೆ ಕೊರುಮ್ದುಕ್ ಕೊಟ್ಟ ಹೆಂಗಸರೆಲ್ಲ, ಸಾಲ ವಸೂಲಿಗೆ ಬಂದವರ ಹಾಗೆ.

ಬುರುಲ್ಚಾ ಗಿಟಾರು ಹೊತ್ತು ನಿಂತಳು. ಅವಳ ಮಾತಿನ ಚುಚ್ಚು ಅವತ್ತು ಎಲ್ಲೋ ಹೋಗಿತ್ತು.

"ಬಾಯ್ಕೆ," ಅಂದಳು ಮೆಲ್ಲಗೆ, "ಇದು ಸುಮ್ಮನಾದ್ರೆ ನಾನೇನು ಮಾಡ್ಲಿ?"

"ಮಕ್ಕಳ ಹಾಡು ಹೇಳು. ನಾನು ಗುಡ್ಡ ಹತ್ತಬೇಕು."

ಅವನು ಗೋಡೆಗೆ ಚುಚ್ಚಿದ. ಆಂಪ್ಲಿಫೈಯರಿಗಲ್ಲ, ಮೊದಲು ಕಬ್ಬಿಣಕ್ಕೆ. ಮುಳ್ಳು ಎದ್ದು, ಕೆಂಪು ಗೆರೆ ದಾಟಿ, ಕಟ್ಟು ಕಿತ್ತ ಕುದುರೆಯ ಹಾಗೆ ಆಚೆಗೆ ಓಡಿತು. ಎರ್ಮೆಕ್ ಒಂದು ಕೈ ಜೇಬಿನಲ್ಲಿಟ್ಟು, ಇನ್ನೊಂದರಲ್ಲಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ.

"ಏನೋ ಎರ್ಮೆಕ್, ಹಬ್ಬದ ದಿನಾನೂ ಮೀಟರ್ ಓದ್ತಿದ್ದೀಯಾ?" ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

"ಓದ್ತಿದ್ದೀನಿ," ಅಂದ ಎರ್ಮೆಕ್ ತಿರುಗದೆ. "ಈ ಸಲ ಸರಿಯಾಗಿ."

ಮುಳ್ಳು ಇಳಿಯಿತು, ತಡೆಯಿತು, ಸೊಟ್ಟ ಗೆರೆಯ ಮೇಲೆ ಬಂದು ಮೈಯೊಡ್ಡಿ ಕೂತಿತು. ಆಗ ಆಂಪ್ಲಿಫೈಯರಿನ ಸ್ವಿಚ್ಚು. ಬಿಳೀ ಬಟ್ಟೆಯ ಮೇಲೆ ವಾಲ್ವ್‌ಗಳು ಒಂದೊಂದಾಗಿ ಕಣ್ಣು ಬಿಟ್ಟವು. ಸಭೆಯಲ್ಲಿದ್ದ ಮುದುಕರು ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಜರುಗಿದರು. ಆ ಕೆಂಪನ್ನು ಅವರು ಡೇರೆಗಳ ನಡುವೆ ಕಂಡಿದ್ದವರು.

ಬುರುಲ್ಚಾ ತಂತಿಗಳ ಮೇಲೆ ಕೈ ಬಿಟ್ಟಳು.

ದನಿ ಬಂತು. ಜೇನುಹುಳದ್ದಲ್ಲ. ನೆಲದಿಂದೆದ್ದು ಎದೆಗೆ ಬಂದು ಅಲ್ಲಿಂದ ಚಾವಣಿಗೆ ಹರಡುವ ದನಿ. ತುದಿಯಲ್ಲಿ ಒಂಚೂರು ಒರಟು, ಬಾಣಲೆಯ ತಳದಲ್ಲಿ ಹತ್ತಿದ ಸುಮೋಲೋಕಿನ ಹಾಗೆ. ಆ ಹತ್ತಿದ್ದೇ ಎಲ್ಲಕ್ಕಿಂತ ರುಚಿ ಎಂದು ಮನೆಮನೆಯಲ್ಲೂ ಜಗಳವಾಗುವುದು. ಅದು ತಾನು ಬೇಕೆಂದು ಮಾಡಿದ್ದೋ, ಬೆಸುಗೆ ಕೆಟ್ಟು ಆದದ್ದೋ ಎರ್ಮೆಕ್‌ಗೂ ಖಾತ್ರಿಯಿರಲಿಲ್ಲ. ಕೇಳಿದವರಿಗೆಲ್ಲ ಆಮೇಲೆ ಬೇಕೆಂದೇ ಮಾಡಿದ್ದು ಅಂದ. ಹಾಡು ಮುಗಿಯುವಷ್ಟರಲ್ಲಿ ಸಭೆ ಎದ್ದು ನಿಂತಿತ್ತು. ಎರಡನೆಯದು ವಾಲ್ಟ್ಸ್. ಝೀನಾ ಅಜ್ಜಿ ಸೋನುನ್‌ಬುಬುವನ್ನು ಎಳೆದುಕೊಂಡು ಕುಣಿದಳು.

"ಯಾರು ಮಾಡಿದ್ದು?" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಕೇಳಿದ.

"ನಮ್ಮ ಮೀಟರ್ ಎರ್ಮೆಕ್," ಅಂದ ಇನ್ನೊಬ್ಬ. "ಕಾಸಿಮಾಲಿ ಮಗ."

ಶಾಯಿರ್ಗುಲ್ ತಿರುಗಲಿಲ್ಲ. ಕುತ್ತಿಗೆ ಮಾತ್ರ ಇನ್ನೂ ಸ್ವಲ್ಪ ನೆಟ್ಟಗಾಯಿತು.

ಜನ ಹೊರಗೆ ಊಟಕ್ಕೆ ಹೋದ ಮೇಲೆ ಅವಳು ವೇದಿಕೆ ಹತ್ತಿ ಬಂದಳು. ಟ್ರಾನ್ಸ್‌ಫಾರ್ಮರಿನ ತಲೆಯ ಮೇಲೆ ಅಂಗೈಯಿಟ್ಟಳು.

"ಬೆಚ್ಚಗಿದೆ," ಅಂದಳು. "ಸುಡ್ತಿಲ್ಲ. ನಿಮ್ಮಪ್ಪನ ಕೈಯಲ್ಲೂ ಇಷ್ಟೇ ಬೆಚ್ಚಗಿರ್ತಿತ್ತು."

"ಹಾಗಾದ್ರೆ ಗುಡ್ಡಕ್ಕೆ ಹೋಗೋದು ಬೇಡ?"

"ಹೋಗು. ಹೋಗಿ ಹೇಳಿ ಬಾ. ಇದನ್ನ ಹೊರೋದು ಬೇಡ, ಬಾಯಲ್ಲಿ ಹೇಳಿದ್ರೆ ಸಾಕು."

ಅವನು ನಕ್ಕ, ವೈರು ಸುತ್ತತೊಡಗಿದ. "ಆಪಾ, ಬೀದಿಯವರೆಲ್ಲ ಕೊರುಮ್ದುಕ್ ಕೊಟ್ರು. ಒಲೆ ಗುಂಡಿ ಕೂಡ ಬಂತು. ನೀನೊಬ್ಬಳೇ ಏನೂ ಕೊಡ್ಲಿಲ್ಲ."

ಶಾಯಿರ್ಗುಲ್ ರುಮಾಲಿನ ತುದಿಯಿಂದ ಗಾಜಿನ ಕಣ್ಣು ಒರೆಸಿದಳು.

"ನಂದು ನಿಮ್ಮಪ್ಪ ಆಗಲೇ ವಸೂಲಿ ಮಾಡ್ಕೊಂಡಿದ್ರಲ್ಲ," ಅಂದಳು, ಕೆಂಪು ಗೆರೆಗೆ ಉಗುರು ತಾಗಿಸಿ. "ಕೇಳದೇನೇ."

ಆಮೇಲೆ ಕಬ್ಬಿಣದ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಮಗ. ಇಬ್ಬರೂ ಸೊಂಟ ಹಿಡಿದುಕೊಳ್ಳುತ್ತಾ, ಎದುರಾದವರಿಗೆಲ್ಲ ದಾರಿ ಬಿಡಿ ಅನ್ನುತ್ತಾ, ಆ ಗಾಳಿಯಲ್ಲಿ ಅದನ್ನು ಮನೆಗೆ ಹೊತ್ತುಕೊಂಡು ಹೋದರು. ಝೀನಾ ಅಜ್ಜಿಯ ಗೇಟಿನ ಮುಂದೆ ಮಾತ್ರ ಸ್ವಲ್ಪ ಬೇಗ ಹೆಜ್ಜೆ ಹಾಕಿದರು.